ಹತ್ತು ಡಾಲರ್ ಮುಯ್ಯಿ

ಚನ್ನಪಟ್ಟಣದಲ್ಲಿ ಗೊಂಬೆ ಮಾಡುವ ಹೊಂಬಾಳಮ್ಮನಿಗೆ ಪರದೇಶದ ಗಿರಾಕಿಯೊಬ್ಬಳು ಹತ್ತು ಡಾಲರಿನ ಚೆಕ್ಕು ಕಳಿಸಿದಳು. ಬ್ಯಾಂಕಿಗೆ ಒಯ್ದರೆ ಮ್ಯಾನೇಜರ್ ಸಾಹೇಬರು ಕನ್ನಡಕದ ಮೇಲಿಂದ ನೋಡಿದರು.

"ಇವತ್ತಿನ ರೇಟಲ್ಲಿ ಎಂಟುನೂರೈವತ್ತು ರೂಪಾಯಿ. ನಮ್ಮ ಚಾರ್ಜು ಸಾವಿರದಿನ್ನೂರು. ಉಳಿದ ಮುನ್ನೂರೈವತ್ತು ನೀನೇ ಕಟ್ಟಮ್ಮ."

ಅಷ್ಟಕ್ಕೇ ಬಿಡಲಿಲ್ಲ. "ಭಾನುವಾರ ನನ್ನ ಮಗಳ ಮದುವೆ. ಬರಿಗೈಲಿ ಮಾತ್ರ ಬರಬೇಡ" ಅಂದರು.

ಹೊಂಬಾಳಮ್ಮ ಚೆಕ್ಕು ವಾಪಸ್ಸು ತಂದು, ಅದರ ಬೆನ್ನಿಗೆ ಸಹಿ ಹಾಕಿ, ಕವರಿನಲ್ಲಿಟ್ಟು ಭಾನುವಾರ ಮದುವೆಯಲ್ಲಿ ಅದನ್ನೇ ಮುಯ್ಯಿ ಮಾಡಿದಳು. ಮುಯ್ಯಿ ಬರೆಯುವವನು ಮೈಕಿನಲ್ಲಿ ಕೂಗಿದ: "ಹೊಂಬಾಳಮ್ಮ, ಹತ್ತು ಡಾಲರ್!" ಛತ್ರವೆಲ್ಲ ಚಪ್ಪಾಳೆ. ಸಾಹೇಬರ ಮುಖ ಮಾತ್ರ ಹರಳೆಣ್ಣೆ ಕುಡಿದಂತಾಯಿತು.

"ಇದನ್ನಿಟ್ಕೊಂಡು ನಾನೇನ್ ಮಾಡ್ಲಮ್ಮ?" ಅಂತ ಪಿಸುಗುಟ್ಟಿದರು.

"ಬ್ಯಾಂಕಿಗೆ ಹಾಕಿ ಸ್ವಾಮಿ. ಮ್ಯಾನೇಜರು ನಿಮಗೆ ಗುರ್ತಿನೋರೇ ಅಲ್ವಾ?"

ಮುಂದಿನ ತಿಂಗಳು ಹೊಂಬಾಳಮ್ಮನ ಮೊಮ್ಮಗಳ ಮದುವೆ. ಮುಯ್ಯಿ ಅಂದಮೇಲೆ ಹಾಕಿಸಿಕೊಂಡವರು ತಿರುಗಿ ಹಾಕಲೇಬೇಕು. ಎಷ್ಟು ಅಂತ ಊರೆಲ್ಲ ಮೈಕಿನಲ್ಲಿ ಕೇಳಿಸಿಕೊಂಡಿದೆ. ಸಾಹೇಬರು ಹಲ್ಲು ಕಚ್ಚಿಕೊಂಡು ಎಂಟುನೂರೈವತ್ತು ರೂಪಾಯಿ ನಗದು ತಂದರು. ಚಾರ್ಜಿನ ಮಾತೇ ಇಲ್ಲ.

ಹೊಂಬಾಳಮ್ಮ ನೋಟು ಎಣಿಸಿ, ಕನ್ನಡಕದ ಮೇಲಿಂದ ನೋಡಿದಳು.

"ಸ್ವಾಮಿ, ಹೋದ ವಾರ ಡಾಲರಿನ ರೇಟು ಏರಿತಂತಲ್ಲ?"