ಮಾಚ ಬಟ್ಟೆಗೆ ಗುರುತು ಹಾಕಿದ್ದು

ಹೂಂಗುಟ್ಟೋರು ಹತ್ತಿರ ಬನ್ನಿ. ಹೂಂ ಅನ್ನೋರಿಲ್ಲದಿದ್ದರೆ ನನ್ನ ನಾಲಿಗೆ ಮುಂದಕ್ಕೆ ಓಡಲ್ಲ.

ಒಂದು ಊರು. ಊರ ಕೆಳಗೆ ಒಂದು ಹಳ್ಳ. ಹಳ್ಳದ ದಂಡೇಲಿ ಮಡಿವಾಳರ ಚೌಡವ್ವನ ಮನೆ. ಗಂಡ ತೀರಿಹೋಗಿದ್ದ. ಇದ್ದವನು ಒಬ್ಬನೇ ಮಗ, ಮಾಚ. ಆಳು ನೋಡಿದರೆ ಕಂಬ. ಬಟ್ಟೆ ಎತ್ತಿ ಕಲ್ಲಿಗೆ ಒಗೆದ ಅಂದರೆ ಕೊಳೆ ಹೆದರಿ ಓಡೋದು. ಅವನು ಒಗೆದ ಪಂಚೆ ಸುತ್ತಲ ಊರಲ್ಲೇ ಬೆಳ್ಳಗೆ. ಆದರೆ ತಲೆ? ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಒಂದು ಕೂದಲು ಆಚೆಗಿಲ್ಲ, ಈಚೆಗಿಲ್ಲ. "ಒಲೆ ನೋಡ್ತಿರೋ" ಅಂದರೆ ಒಲೇನೇ ನೋಡ್ತಾ ಕೂರೋನು. ಸಾರು ಉಕ್ಕಿ ಬೆಂಕಿ ಆರಿದರೂ ಒಲೆ ಮೇಲಿಂದ ಕಣ್ಣು ತೆಗೀತಿರಲಿಲ್ಲ.

"ಶಿವನೇ, ಯಾವ ಗಳಿಗೇಲಿ ಇವನನ್ನ ಹೆತ್ತೆನೋ!" ಅಂತ ಚೌಡವ್ವ ಹಣೆ ಚಚ್ಚಿಕೊಳ್ಳೋಳು.

ಚೌಡವ್ವನಿಗೆ ಇನ್ನೊಂದು ಚಿಂತೆ ಇತ್ತು. ಮುಂಚೆ ಬಟ್ಟೆ ಕಂಡ ಕೂಡಲೇ ಇದು ಇಂಥವರದು ಅಂತ ಹೇಳೋಳು. ಈಚೆಗೆ ಕಣ್ಣು ಮಂಜಾಗಿತ್ತು. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಬಟ್ಟೆ ಯಾರು ಹಾಕ್ತಾರೆ? ಪಟೇಲರ ಅಂಗಿ ಮೇಷ್ಟ್ರಿಗೆ ಹೋಯಿತು, ಮೊಣಕಾಲು ಮುಚ್ಚಿತು. ಮೇಷ್ಟ್ರ ಅಂಗಿ ಪಟೇಲರಿಗೆ ಹೋಯಿತು, ಹೊಕ್ಕಳೂ ಮುಚ್ಚಲಿಲ್ಲ.

"ಚೌಡವ್ವಾ, ಇನ್ನೊಂದು ಸಲ ಹಿಂಗಾದರೆ ಬಟ್ಟೆ ಪೇಟೆಗೆ ಕಳಿಸ್ತೀನಿ!" ಅಂದರು ಪಟೇಲರು.

ಚೌಡವ್ವ ಹೆದರಿದಳು. ಕಾಗದದ ಚೀಟಿ ಮಾಡಿ ಬಟ್ಟೆಬಟ್ಟೆಗೂ ಕಟ್ಟಿದಳು. ಪಟೇಲರ ಚೀಟಿಗೆ ದಪ್ಪಗೆ ಕತ್ತರಿ ಗುರುತು, ಮೇಷ್ಟ್ರ ಚೀಟಿಗೆ ಚುಕ್ಕಿ, ಅಂಗಡಿ ವೀರಭದ್ರಯ್ಯನ ಚೀಟಿಗೆ ಒಂದು ಸುತ್ತು. ಹಳ್ಳಕ್ಕೆ ಹೋಯಿತು ಗಂಟು. ಚೀಟಿಯೆಲ್ಲ ನೆನೆದು ಮುದ್ದೆಯಾಗಿ ನೀರಲ್ಲಿ ಹೋಯಿತು.

"ಲೇ ಮಾಚ, ಚೀಟಿ ನೆನೀಬಾರದು ಕಣ್ಲಾ! ನೀರು ತಾಕದ ಹಾಗೆ ನೋಡ್ಕೊ!"

"ಹೂಂ ಕಣವ್ವ."

ಮಾರನೇ ಸಲ ಮಾಚ ಹಳ್ಳಕ್ಕೆ ಹೋದ. ಒಂದೊಂದೇ ಬಟ್ಟೆ ತೆಗೆದ. ಒಂದೊಂದೇ ಚೀಟಿ ಬಿಚ್ಚಿದ. ಎಲ್ಲಾನೂ ಜೋಪಾನವಾಗಿ ಡಬ್ಬೀಲಿ ಹಾಕಿ ಮುಚ್ಚಳ ಮುಚ್ಚಿದ. ಆಮೇಲೆ ಬಟ್ಟೆ ಒಗೆದ. ಸಂಜೆ ಬಂದು ಡಬ್ಬಿ ತೆಗೆದು ತೋರಿಸಿದ.

"ನೋಡವ್ವ, ಒಂದು ಚೀಟಿಯೂ ನೆನೆದಿಲ್ಲ!"

"ಅಯ್ಯೋ ಪೆದ್ದ ಮುಂಡೇದೇ! ಬಟ್ಟೆ ಇಲ್ಲದ ಚೀಟಿ ಇಟ್ಕೊಂಡು ಏನ್ಲಾ ಮಾಡಲಿ? ಬಟ್ಟೇಲೇ ಇರಬೇಕು! ನೀರಲ್ಲಿ ಕರಗದ್ದು, ಕಲ್ಲಿಗೆ ಬಡಿದರೂ ಮುರೀದೆ ಇರೋದು ಕಟ್ಟಬೇಕು. ತಿಳೀತಾ?"

"ತಿಳೀತು ಕಣವ್ವ."

ಮಾಚ ಯೋಚನೆ ಮಾಡಿದ. ನೀರಲ್ಲಿ ಕರಗದ್ದು. ಕಲ್ಲಿಗೆ ಬಡಿದರೂ ಮುರೀದೆ ಇರೋದು. ಸೀದಾ ಕಮ್ಮಾರನ ಹತ್ತಿರ ಹೋದ. ಮೂಲೇಲಿ ಎತ್ತಿನ ಹಳೇ ಲಾಳ ರಾಶಿ ಬಿದ್ದಿತ್ತು. ಕೇಳಿ ತಂದ. ಮೊಳೇಲಿ ಗೀರಿ ಪಟೇಲರಿಗೆ ಕತ್ತರಿ, ಮೇಷ್ಟ್ರಿಗೆ ಚುಕ್ಕಿ, ವೀರಭದ್ರಯ್ಯನಿಗೆ ಸುತ್ತು ಹಾಕಿದ. ಮೈಲಿಗೆ ಬಟ್ಟೆಗೆ ಒಂದೊಂದು ಲಾಳ ಬಿಗಿದು ಕಟ್ಟಿ, ಒಗೆದು ಒಣಗಿಸಿ, ಅವನೇ ಹೊತ್ತುಕೊಂಡು ಹೋಗಿ ಮನೆಮನೆಗೆ ಕೊಟ್ಟು ಬಂದ.

ಪಟೇಲರು ಅವಸರದಲ್ಲಿದ್ದರು. ಪಂಚೆ ಉಟ್ಟರು, ಹೊರಟರು. ಹಿಂದುಗಡೆ ಲಾಳ ಜೋತಾಡ್ತಿತ್ತು. ಹೆಜ್ಜೆ ಇಟ್ಟರೆ ಠಣ್! ಇನ್ನೊಂದು ಹೆಜ್ಜೆ ಇಟ್ಟರೆ ಠಣ್! ಎತ್ತು ಬಂತು ಅಂತ ಜನ ದಾರಿ ಬಿಟ್ಟರು. ಪಂಚಾಯ್ತಿ ಕಟ್ಟೆ ಹತ್ತೋವಾಗ ಭಾರಕ್ಕೆ ಪಂಚೆ ಜಾರಿ ನೆಲಕ್ಕೆ ಬಿತ್ತು. ಪಟೇಲರು ಎರಡೂ ಕೈಯಲ್ಲಿ ಚಡ್ಡಿ ಮುಚ್ಚಿಕೊಂಡು ನಿಂತರು.

ಆ ಲಾಳ ಚೌಡವ್ವನ ಅಂಗಳಕ್ಕೆ ಬಂದು ಬಿತ್ತು. ಅದರ ಹಿಂದೆ ಪಟೇಲರು.

"ಏನ್ ಚೌಡವ್ವ, ನನ್ನನ್ನ ಎತ್ತು ಅಂದ್ಕೊಂಡ್ಯಾ?"

"ತಪ್ಪಾಯ್ತು ಬುದ್ಧೀ! ನನ್ನ ಮಗ ಗೊತ್ತಲ್ಲ ಬುದ್ಧೀ!"

ಪಟೇಲರು ಹೋದ ಮೇಲೆ ಚೌಡವ್ವ ಮಗನ ಕಡೆ ತಿರುಗಿದಳು.

"ಭಾರ ಇರಬಾರದು ಕಣ್ಲಾ! ಕೇಳಿಲ್ಲಿ. ನಿಮ್ಮಪ್ಪ ಮಾಡ್ತಿದ್ದ ಹಾಗೆ ಮಾಡು. ಕೇರುಬೀಜಕ್ಕೆ ಸೂಜಿ ಚುಚ್ಚಿ ರಸ ತೆಗಿ. ಕತ್ತಿನ ಹಿಂದೆ ಸಣ್ಣದಾಗಿ ಗುರುತು ಹಾಕು. ಮೇಲೊಂದಿಷ್ಟು ಸುಣ್ಣ ಹಚ್ಚು. ಎಷ್ಟು ತಿಕ್ಕಿದರೂ ಹೋಗಲ್ಲ."

"ಕತ್ತಿನ ಹಿಂದೆ?"

"ಹೂಂ ಕಣೋ, ಕತ್ತಿನ ಹಿಂದೆ!"

ಮಾಚ ಕೇರುಬೀಜ, ಸೂಜಿ, ಸುಣ್ಣದ ಡಬ್ಬಿ ತಗೊಂಡ. ಕತ್ತು ಹುಡುಕಿಕೊಂಡು ಹೊರಟ. ಕತ್ತು ಎಲ್ಲಿ ಸಿಗುತ್ತೆ? ಕ್ಷೌರದಂಗಡೀಲಿ. ಮೇಷ್ಟ್ರು ತಲೆ ಬಗ್ಗಿಸಿಕೊಂಡು ಕೂತಿದ್ದರು. ಮಾಚ ಹಿಂದಿನಿಂದ ಬಂದು ಚುಕ್ಕಿ ಇಟ್ಟ, ಸುಣ್ಣ ಹಚ್ಚಿದ. ಕತ್ತಿ ತಾಕಿತು ಅಂದುಕೊಂಡರು ಮೇಷ್ಟ್ರು. ವೀರಭದ್ರಯ್ಯ ತನ್ನ ಸರದಿಗೆ ಕಾಯ್ತಾ ಬೆಂಚಿನ ಮೇಲೆ ತೂಕಡಿಸ್ತಿದ್ದ. ಅವನ ಕತ್ತಿಗೆ ಸುತ್ತು ಬಿತ್ತು, ಸುಣ್ಣ ಬಿತ್ತು. ಪಟೇಲರು ಬರೋ ಹೊತ್ತಿಗೆ ಸರಿಯಾಗಿ ಕೇರುಬೀಜದ ರಸ ಮುಗಿದಿತ್ತು. ಅವರ ಪುಣ್ಯ.

ಕೇರುಬೀಜ ಬಟ್ಟೆಗೆ ಗುರುತು, ಮೈಗೆ ಬೆಂಕಿ. ಬೆಳಗಾಗೋ ಹೊತ್ತಿಗೆ ಇಬ್ಬರ ಕತ್ತೂ ಊದಿ ಬೊಬ್ಬೆ ಎದ್ದಿತ್ತು. ಮೇಷ್ಟ್ರು ತಲೆ ತಿರುಗಿಸೋಕಾಗದೆ ಇಡೀ ಮೈ ತಿರುಗಿಸ್ತಿದ್ದರು. ಚೌಡವ್ವ ಕೊಬ್ಬರಿ ಎಣ್ಣೆ ಹಿಡಕೊಂಡು ಮನೆಮನೆಗೆ ಓಡಿದಳು. ಕಾಲು ಹಿಡಿದಳು, ಎಣ್ಣೆ ಹಚ್ಚಿದಳು.

"ಗುರುತು ಹೋಗಲ್ಲ ಅವ್ವ, ತಿಕ್ಕಿ ನೋಡು!" ಅಂದ ಮಾಚ ಸಂತೋಷವಾಗಿ.

"ಅಯ್ಯೋ ನನ್ನ ಕರ್ಮವೇ! ಜನಕ್ಕಲ್ಲ ಕಣೋ, ಬಟ್ಟೆಗೆ! ಬಟ್ಟೆಯ ಕತ್ತಿಗೆ! ಸೆರಗಿಗೆ! ಕೈಗೆ ಎಣ್ಣೆ ಸವರಿಕೊಂಡು ಹಾಕು. ಹೆಂಗೆ ಹಾಕಬೇಕು ಅಂದರೆ, ಬಟ್ಟೆ ಹೋದರೂ ಗುರುತು ಹೋಗಬಾರದು! ಕೇಳಿಸ್ತಾ?"

"ಕೇಳಿಸ್ತವ್ವ. ಬಟ್ಟೆ ಹೋದರೂ ಗುರುತು ಹೋಗಬಾರದು."

ಈ ಸಲ ಮಾಚ ಸರಿಯಾಗಿ ಮಾಡಿದ. ಅಂಗಿಯ ಕತ್ತಿಗೆ, ಪಂಚೆಯ ಮೂಲೆಗೆ, ಸೀರೆಯ ಸೆರಗಿನ ತುದಿಗೆ ಕಪ್ಪಗೆ ಗುರುತು. ಚೌಡವ್ವ ಬಟ್ಟೆ ಬೇಯಿಸೋ ಉಬ್ಬೆ ಹಂಡೆಗೆ ಹಾಕಿ ಬೇಯಿಸಿದಳು. ಹೋಗಲಿಲ್ಲ. ಕಲ್ಲಿಗೆ ಬಡಿದಳು. ಹೋಗಲಿಲ್ಲ. ಮಂಜುಗಣ್ಣಿಗೂ ಆ ಗುರುತು ಕಾಣಿಸ್ತು. ಬಟ್ಟೆ ಎದೆಗೆ ಒತ್ತಿಕೊಂಡು, "ನಿಮ್ಮಪ್ಪನ ಕೈ ಬಂತು ಕಣೋ ನಿನಗೆ" ಅಂದಳು. ಮಗನಿಗೆ ರೊಟ್ಟಿ ಮೇಲೆ ಬೆಣ್ಣೆ ಹಾಕಿ ಕೊಟ್ಟಳು.

ಮುಂದಿನ ಒಗೆತದ ದಿನ ಮೇಲುಗಡೆ ಎಲ್ಲೋ ಮಳೆ ಸುರಿದು ಹಳ್ಳ ಬಂತು. ಕೆಂಪು ನೀರು ದಡ ಬಿಟ್ಟು ಏರಿತು. ಬಟ್ಟೆಯೆಲ್ಲ ಮರಳ ಮೇಲೆ ಹರಡಿತ್ತು. ಎತ್ತಿಕೊಂಡು ಓಡಿದ್ದರೆ ಎಲ್ಲ ಉಳೀತಿತ್ತು. ಮಾಚ ಏನು ಮಾಡಿದ? ಸೊಂಟದ ಚೂರಿ ತೆಗೆದ. ಅಂಗಿ ಎತ್ತಿ ಗುರುತು ಕೊಯ್ದುಕೊಂಡ, ಅಂಗಿ ನೀರಿಗೆ ಬಿಟ್ಟ. ಪಂಚೆ ಎತ್ತಿ ಗುರುತು ಕೊಯ್ದುಕೊಂಡ, ಪಂಚೆ ನೀರಿಗೆ ಬಿಟ್ಟ. ನೀರು ಮೊಣಕಾಲಿಗೆ ಬಂತು, ಬಿಡಲಿಲ್ಲ. ಸೊಂಟಕ್ಕೆ ಬಂತು, ಬಿಡಲಿಲ್ಲ. ಕೊನೇ ಗುರುತು ಕೊಯ್ದುಕೊಂಡು ಈಜಿ ದಡ ಹತ್ತಿ ಮನೆಗೆ ಓಡಿ ಬಂದ.

"ಅವ್ವಾ! ಬಟ್ಟೆ ಎಲ್ಲಾ ಹೋಯ್ತು! ಗುರುತು ಒಂದೂ ಹೋಗಲಿಲ್ಲ!"

ಮಗನ ಮೈ ಪೂರ್ತಿ ಒದ್ದೆ, ಕಾಲಿಗೆ ಕಲ್ಲು ಬಡಿದು ರಕ್ತ. ಬಯ್ಯೋಕೆ ಬಾಯಿ ತೆಗೆದ ಚೌಡವ್ವ ಅವನನ್ನ ತಬ್ಬಿಕೊಂಡು ಅತ್ತಳು.

ಬಟ್ಟೆ ದೂರ ಹೋಗಿರಲಿಲ್ಲ. ಕೆಳಗಡೆ ತೋಟದ ಮುಳ್ಳುಬೇಲಿಗೆ ಸಿಕ್ಕಿಕೊಂಡಿತ್ತು. ನೀರು ಇಳಿದ ಮೇಲೆ ಊರ ಜನ ಎಳೆದು ತಂದು ಚೌಡವ್ವನ ಅಂಗಳದಲ್ಲಿ ರಾಶಿ ಹಾಕಿದರು. ಎಲ್ಲಾ ಒಂದೇ ಕೆಸರಿನ ಬಣ್ಣ. ಎಲ್ಲದರಲ್ಲೂ ಒಂದೊಂದು ತೂತು.

"ನನ್ನದು ಯಾವುದು?" ಅಂದರು ಪಟೇಲರು.

"ನನ್ನದು ಯಾವುದು?" ಅಂದ ವೀರಭದ್ರಯ್ಯ.

ಚೌಡವ್ವ ತಲೆ ಬಗ್ಗಿಸಿದಳು. "ನನಗೆ ಕಣ್ಣು ಕಾಣಲ್ಲ ಬುದ್ಧೀ. ಅದಕ್ಕೇ ಈ ಗುರುತಿನ ಪಾಡೆಲ್ಲ. ಇನ್ನು ನಿಮ್ಮಿಷ್ಟ."

ಪಟೇಲರು ಅವಳ ಹತ್ತಿರ ಬಂದರು. "ಮೊದಲೇ ಹೇಳಬಾರದಾ ಚೌಡವ್ವ? ಇಷ್ಟು ವರ್ಷ ನಮ್ಮ ಮೈಲಿಗೆ ತೊಳೆದೋಳು."

ಚೌಡವ್ವ ಕೂತಲ್ಲೇ ಮಾಚ ಕೊಯ್ದು ತಂದಿದ್ದ ಗುರುತಿನ ಒಂದು ತುಂಡು ತಗೊಂಡು ಬೆರಳಲ್ಲಿ ಅಂಚು ಸವರಿದಳು. ಒಂದು ಬಟ್ಟೆಯ ತೂತಿಗೆ ಇಟ್ಟಳು. ಕೂರಲಿಲ್ಲ. ಇನ್ನೊಂದಕ್ಕೆ ಇಟ್ಟಳು. ಕೂತಿತು! ಮಾಚ ಕೊಯ್ದದ್ದು ಸೊಟ್ಟಸೊಟ್ಟಗೆ, ಒಂದರ ಹಾಗೆ ಇನ್ನೊಂದಿಲ್ಲ. ಹೊತ್ತು ಮುಳುಗೋದರೊಳಗೆ ಎಲ್ಲರ ಬಟ್ಟೆ ಅವರವರಿಗೆ ತಿಳಿದುಹೋಯಿತು.

"ಭೇಷ್! ಗುರುತು ಅಂದರೆ ಇದು ಕಣೋ ಮಾಚ. ತೂತು ಎಷ್ಟು ಒಗೆದರೂ ಹೋಗಲ್ಲ!" ಅಂದು ಪಟೇಲರು ನಕ್ಕರು.

ಚೌಡವ್ವನಿಗೆ ನಾಚಿಕೆ ಆಯಿತು. "ಹಿಂಗೆ ಕೊಡೋಕಾಗುತ್ತಾ ಬುದ್ಧೀ? ಒಗೆದು, ತೂತು ಹೊಲಿಸಿ ಕೊಡ್ತೀನಿ." ಜನ ಹೋದ ಮೇಲೆ ಮಗನನ್ನ ಕರೆದಳು. "ಸೂಜಿಗೆ ದಾರ ಪೋಣಿಸೋಕೆ ನನಗೆ ಕಾಣಲ್ಲ. ನೀನೇ ಹೊಲಿ. ಒಂದು ಬಟ್ಟೇಲೂ ಒಂದು ತೂತೂ ಉಳೀಬಾರದು, ನೋಡು ಮತ್ತೆ!"

"ಒಂದೂ ಉಳೀಬಾರದಾ ಅವ್ವ?"

"ಒಂದೂ ಉಳೀಬಾರದು!"

ಮಾಚ ಬಟ್ಟೆ ಒಗೆದ, ಒಣಗಿಸಿದ. ಆಮೇಲೆ ಗೋಡೆಗೊರಗಿ ಕೂತು ಹೊಲಿದ. ಗುರುತಿನ ತೂತು ಹೊಲಿದ. ಕತ್ತಿನ ತೂತು ಹೊಲಿದ. ತೋಳಿನ ತೂತು ಹೊಲಿದ. ಕೆಳಗಿನ ಅಂಚೂ ಸೇರಿಸಿ ಹೊಲಿದ. ಗುಂಡಿ ಹಾಕೋ ಸಣ್ಣ ತೂತೂ ಬಿಡಲಿಲ್ಲ. ಜೇಬಿನ ಬಾಯಿ ಕಂಡಿತು, ಅದನ್ನೂ ಹೊಲಿದ. ಹೊಲಿಗೆ ಅಂದರೆ ಅಚ್ಚುಕಟ್ಟು! ಮಡಿಸಿ ಮನೆಮನೆಗೆ ಕೊಟ್ಟು ಬಂದ.

ಸ್ವಲ್ಪ ಹೊತ್ತಿಗೆ ಊರೇ ಚೌಡವ್ವನ ಬಾಗಿಲಿಗೆ ಬಂತು. ಗಂಡಸರು ಬರೀ ಟವೆಲ್ ಹೊದ್ದು, ಅಂಗಿ ಕೈಯಲ್ಲಿ ಹಿಡಿದು ಬಂದರು. ಹೆಂಗಸರು ತೋಳು ಮುಚ್ಚಿಹೋದ ರವಿಕೆ ಹಿಡಿದು ಬಂದರು.

"ಚೌಡವ್ವಾ, ಇದರೊಳಗೆ ಹೋಗೋದು ಎಲ್ಲಿಂದ?"

ಚೌಡವ್ವ ಅಂಗಿ ಸವರಿ ನೋಡಿದಳು. ಮೇಲೆ ಮುಚ್ಚಿದೆ, ಕೆಳಗೆ ಮುಚ್ಚಿದೆ, ದಿಂಬಿನ ಚೀಲ ಆಗಿದೆ. ಅವಳ ತಲೆ ಕೆಟ್ಟುಹೋಯಿತು.

"ಬಿಚ್ಚೋ! ಈಗಲೇ ಬಿಚ್ಚು! ಒಂದೂ ಬಿಡದೆ ಎಲ್ಲಾ ಬಿಚ್ಚು!"

ಮಾಚ ಸುತ್ತ ನೋಡಿದ. ಅವನ ಮುಖ ಕೆಂಪಾಯಿತು. "ಇವರೆಲ್ಲರ ಎದುರಿಗಾ ಅವ್ವ?"

"ಹೂಂ ಕಣೋ, ಇವರ ಎದುರಿಗೇ!"

ಮಾಚ ಹೆಗಲ ವಸ್ತ್ರ ತೆಗೆದಿಟ್ಟ. ಅಂಗಿ ಕಳಚಿಟ್ಟ. ಪಂಚೆ ಗಂಟಿಗೆ ಕೈ ಹಾಕಿದ. "ಅಯ್ಯಯ್ಯೋ!" ಅಂತ ಹೆಂಗಸರು ಮುಖ ಮುಚ್ಚಿಕೊಂಡು ಓಡಿದರು. ಗಂಡಸರು ಹೊಟ್ಟೆ ಹಿಡಕೊಂಡು ಓಡಿದರು. ಪಟೇಲರು ನಗ್ತಾ ನಗ್ತಾ ಬೀದಿ ತುದಿಯಿಂದ ಕೂಗಿದರು:

"ಚೌಡವ್ವಾ, ನಾಳೆ ಮೈಲಿಗೆ ಬಟ್ಟೆ ಕಳಿಸ್ತೀನಿ! ಮೊದಲು ಅವನಿಗೆ ಪಂಚೆ ಉಡಿಸು!"

ಮುಂದಕ್ಕೇನಾಯಿತು ಅಂತ ಕೇಳಬೇಡಿ. ನಾನೂ ಓಡಿದೋರ ಜೊತೆಗೇ ಓಡಿದೆ.