ದುರಗವ್ವನ ಪಂಜಾ

ಹೊಳೆಯ ದಂಡೆಗೆ ಒಂದು ಗರಡಿಮನೆ. ಅಲ್ಲಿ ಗುರು ಅಂದರೆ ವಸ್ತಾದ ಮೌಲಾಸಾಬ.

ಒಂದು ಮುಂಜಾನೆ ಶಿಷ್ಯ ಯಮನೂರ ತನ್ನ ಹೆಂಡತಿ ದುರಗವ್ವನನ್ನು ಎತ್ತಿಕೊಂಡು ಬಂದು ಕಟ್ಟೆಯ ಮೇಲೆ ಕೂರಿಸಿದ.

ಆಕೆಯೂ ಅದೇ ಗರಡಿಯಲ್ಲಿ ಕುಸ್ತಿ ಕಲಿತವಳು. ಎಂಟು ತಿಂಗಳ ಹಿಂದೆ, ತಾಲೀಮಿನಲ್ಲಿ, ಗಂಡ ಎತ್ತಿ ಒಗೆದಾಗ ಬೀಳಬಾರದ ಹಾಗೆ ಬಿದ್ದಳು. ಬೆನ್ನಿನ ಎಲುಬು ಮುರಿಯಿತು. ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ.

"ವಸ್ತಾದ್ರ, ಈಕಿ ತವರಿಗೆ ಹೋಗ್ತೇನಿ ಅಂತಾಳ. ನಾಳೆ ಅವರಣ್ಣ ಕರಿಯಾಕ ಬರ್ತಾನ. ನೀವಾರ ಬುದ್ಧಿ ಹೇಳ್ರಿ."

"ನೀ ಏನ್ ಮಾಡಿದಿ?"

"ನಾ ಏನ್ ಮಾಡ್ಲಿರಿ? ಜಳಕ ಮಾಡಸ್ತೇನಿ, ತಲಿ ಬಾಚ್ತೇನಿ, ತುತ್ತು ಮಾಡಿ ಉಣಸ್ತೇನಿ. ಬೈದ್ರ ಬೈಸ್ಕೋತೇನಿ. ಒಂದು ಮಾತು ಎದುರಾಡಿಲ್ಲ."

ದುರಗವ್ವ ಹೊಳೆ ನೋಡುತ್ತಿದ್ದಳು. "ಮೊನ್ನೆ ಹಟ ಮಾಡಿ ನಾನ ಪಲ್ಯ ಮಾಡಿದೆ," ಅಂದಳು. "ಬೇಕಂತ ಮೂರು ಸಲ ಉಪ್ಪು ಹಾಕಿದೆ. ಭಾಳ ರುಚಿ ಆಗೇತಿ ಅಂತ ಪೂರಾ ತಿಂದ, ಪುಣ್ಯಾತ್ಮ."

ವಸ್ತಾದರು ಗಡ್ಡ ನೀವಿಕೊಂಡರು.

"ಮಗಳ, ಇಂವನ್ನ ಯಾಕ ಮಾಡ್ಕೊಂಡಿ?"

"ಗರಡಿಗೆ ಬಂದ ದಿನ ನಾಕು ಮಂದಿ ಜೋಡಿ ಕುಸ್ತಿ ಹಿಡದೆ. ಹೆಣಮಗಳು ಅಂತ ನಾಕೂ ಮಂದಿ ಬೇಕಂತ ಸೋತ್ರು. ಐದನೇದಾಂವ ಇಂವ. ನನ್ನ ಬೆನ್ನಿಗೆ ಮಣ್ಣು ಹಚ್ಚಿದ."

"ಸಿಟ್ಟು ಬಂತೇನು?"

"ಬಂತ್ರಿ. ಮನಿಗೆ ಹೋಗಿ ಅವ್ವಗ ಹೇಳಿದೆ, ಲಗ್ನ ಆದ್ರ ಇಂವನ್ನ ಅಂತ."

ವಸ್ತಾದರು ಒಂದು ಮರದ ಸ್ಟೂಲು ತಂದು ಇಬ್ಬರ ನಡುವೆ ಇಟ್ಟರು.

"ಪಂಜಾ ಹಿಡೀರಿ."

ಇಬ್ಬರೂ ಮೊಣಕೈ ಊರಿ ಅಂಗೈಗೆ ಅಂಗೈ ಕೊಟ್ಟರು. ದುರಗವ್ವನ ತೋಳು ಬಿಗಿಯಿತು. ಮೂರು ಎಣಿಸುವುದರೊಳಗೆ ಯಮನೂರನ ಕೈ ಕೆಳಗೆ ಮಲಗಿತ್ತು.

"ನೋಡ್ರಿ ವಸ್ತಾದ್ರ, ಇನ್ನೂ ಎಷ್ಟು ಶಕ್ತಿ ಐತಿ ಈಕಿಗೆ," ಅಂದ.

ದುರಗವ್ವ ಕೈ ಕಿತ್ತುಕೊಂಡು ಸೆರಗಿಗೆ ಒರೆಸಿದಳು. "ನಮ್ಮಣ್ಣಗ ಇವತ್ತ ಬಾ ಅಂತ ಹೇಳಿ ಕಳಸ್ರಿ."

ಯಮನೂರ ತನ್ನ ಅಂಗೈ ನೋಡಿಕೊಂಡ.

"ಈಕಿನ್ನ ಒಗದಿದ್ದು ಇದ ಕೈರಿ. ಬಲಾ ಹಾಕಾಕ ಅಂಜಿಕಿ ಬರ್ತೈತಿ."

"ನಿನಗ ಬರ್ತೈತಿ. ಅಕಿನ್ನ ಕೇಳಿದೇನು?"

ಅವನು ಹೆಂಡತಿಯ ಕಡೆ ತಿರುಗಿದ. ಆಕೆ ಆಗಲೇ ಮೊಣಕೈ ಊರಿ ಕೂತಿದ್ದಳು.

ಈ ಸಲ ಸ್ಟೂಲು ಕಿರುಗುಟ್ಟಿತು. ಇಬ್ಬರ ಕೊರಳ ನರಗಳೂ ಉಬ್ಬಿದವು. ಒಮ್ಮೆ ಅವನ ಕೈ ವಾಲಿತು, ಒಮ್ಮೆ ಅವಳದು. ಕಡೆಗೆ ಅವಳ ಕೈ ಧಡ್ಡನೆ ಮರಕ್ಕೆ ಬಡಿಯಿತು. ಬೆರಳ ಗೆಣ್ಣು ತರಚಿತು.

ಯಮನೂರ ನೀರು ತರಲು ಎದ್ದ.

"ಕುಂದರ ಅಲ್ಲೆ," ಅಂದಳು ದುರಗವ್ವ. ಏದುಸಿರಿನಲ್ಲೇ ನಗುತ್ತಿದ್ದಳು. ಎಂಟು ತಿಂಗಳಲ್ಲಿ ಯಾರೂ ಆ ನಗು ಕೇಳಿರಲಿಲ್ಲ. "ಮೊಣಕೈ ಎತ್ತಿದಿ, ಕಳ್ಳ. ಇದು ನಡಿಯಂಗಿಲ್ಲ. ಇನ್ನೊಮ್ಮೆ ಹಿಡಿ."

"ವಸ್ತಾದ್ರ, ರಕ್ತ ಬರಾಕತ್ತೈತಿ. ಈಗ ನಾ ಏನ್ ಮಾಡ್ಲಿ?"

ವಸ್ತಾದರು ಹೊಳೆಯ ಕಡೆ ಹೊರಟಿದ್ದರು. ತಿರುಗಿ ನೋಡದೆ ಹೇಳಿದರು:

"ಮೊಣಕೈ ಎತ್ತಬ್ಯಾಡ."