ಚಿಕ್ಕತಾಯಿಯ ಕೆನ್ನೆಗೆ ಕಾಗೆ ಬಂಗಾರ

ಕೇಳಿದವರು ಹೊಟ್ಟೆ ಹುಣ್ಣಾಗುವಷ್ಟು ನಗಲಿ, ಹೆತ್ತವಳ ಪಾಡು ಮಾತ್ರ ಯಾರಿಗೂ ಬೇಡ. ಮದುವೆ ಹೆಣ್ಣುಗಳಿಗೆ ಸಿಂಗಾರ ಮಾಡೋ ಕೆಂಪಮ್ಮನಿಗೆ ಒಬ್ಬನೇ ಮಗ, ಮುದ್ದೀರ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ.

ಪಟೇಲರ ಮಗಳು ಚಿಕ್ಕತಾಯಿಯ ಮದುವೆ ಬಂತು. ಹೆಣ್ಣಿನ ಕೆನ್ನೆ ಮಿನುಗಬೇಕು, ಮಿನುಗೋಕೆ ಕಾಗೆ ಬಂಗಾರದ ಪುಡಿ ಬೇಕು.

"ಮಗಾ, ಗುಡ್ಡಕ್ಕೆ ಹೋಗಿ ಕಾಗೆ ಬಂಗಾರ ತಗೊಂಡು ಬಾ."

ಹೋದ. ಕಾಗೆ ಹುಡುಕಿದ. ಮರ ಹತ್ತಿದ. "ನಿನ್ನ ಬಂಗಾರ ಕೊಡು, ನಮ್ಮವ್ವ ಕೇಳ್ತಾಳೆ!" ಅಂತ ಗೂಡಿಗೆ ಕೈ ಹಾಕಿದ. ತಲೆ ತುಂಬಾ ಕುಕ್ಕಿಸಿಕೊಂಡು ಬಂದ.

"ಅಯ್ಯೋ ಪೆದ್ದೇ! ಕಾಗೆಗೆ ಎಲ್ಲಿಯ ಬಂಗಾರವೋ! ಅದು ಪದರ ಪದರದ ಕಲ್ಲು ಕಣೋ, ಬಿಸಿಲಿಗೆ ಫಳಫಳ ಅಂತದೆ. ಹೊಳೆಯೋದು ಕಂಡ್ರೆ ಗಟ್ಟಿಯಾಗಿ ಹಿಡಿದು ಕಿತ್ಕೊಂಡು ಬಾ!"

"ಆಗಲವ್ವ!"

ಹೋದ. ಪಟೇಲರು ಜಗಲಿಯಲ್ಲಿ ಬಿಸಿಲು ಕಾಯಿಸುತ್ತಾ ಕೂತಿದ್ದರು. ಬೋಳು ತಲೆ ಫಳಫಳ! ಎರಡೂ ಕೈಯಲ್ಲಿ ಹಿಡಿದ. ಎಳೆದ. ಪಟೇಲರು ಕಿರುಚಿದರು, ಇನ್ನೂ ಜೋರಾಗಿ ಎಳೆದ.

"ಎಷ್ಟು ಎಳೆದ್ರೂ ಬರಲಿಲ್ಲ ಕಣವ್ವ, ಬೇರು ಆಳಕ್ಕೆ ಹೋಗ್ಯದೆ!"

ಕೆಂಪಮ್ಮ ಹಣೆ ಹಣೆ ಚಚ್ಚಿಕೊಂಡಳು. ಓಡಿ ಹೋಗಿ ಪಟೇಲರ ಕಾಲಿಗೆ ಬಿದ್ದಳು.

"ನನ್ನ ಮಗಳ ಕೆನ್ನೆ ಮಿನುಗಲಿಲ್ಲವೋ, ತಾಯಿ ಮಗ ಇಬ್ಬರೂ ಊರು ಬಿಡಬೇಕು!" ಅಂದರು ಪಟೇಲರು.

ಇನ್ನೇನು ಮಾಡ್ತಾಳೆ? ತಾನೇ ಗುಡ್ಡ ಹತ್ತಿ ಕಲ್ಲು ತಂದಳು, ತೊಳೆದು ಒರಳಿಗೆ ಹಾಕಿದಳು.

"ಎಲ್ಲಿಗೂ ಹೋಗಬೇಡ ಮಾರಾಯ! ಇಲ್ಲೇ ಕೂತು ಕುಟ್ಟು. ಊದಿದ್ರೆ ಹಾರಬೇಕು, ಅಷ್ಟು ನುಣ್ಣಗೆ!"

ಕುಟ್ಟಿದ, ಊದಿದ. ಕುಟ್ಟಿದ, ಊದಿದ. ಅವಳು ಬಾವಿಯಿಂದ ನೀರು ತರುವಷ್ಟರಲ್ಲಿ ಬೇಲಿ ಮಿನುಗುತ್ತಿತ್ತು, ಎಮ್ಮೆ ಮಿನುಗುತ್ತಿತ್ತು, ಸಗಣಿ ಗುಡ್ಡೆಯೂ ಮಿನುಗುತ್ತಿತ್ತು!

"ಹಾರ್ತವ್ವ! ಎಲ್ಲಾನೂ ಹಾರ್ತು!"

"ನಿನ್ನ ಬಾಯಿಗೆ ಮಣ್ಣು ಹಾಕ! ಇನ್ಮೇಲೆ ಆ ಪುಡಿ ಕಂಡ ತಕ್ಷಣ ಮುಚ್ಚೋ! ಕೈಗೆ ಸಿಕ್ಕಿದ್ದರಲ್ಲಿ ಮುಚ್ಚು! ಗಾಳಿ ಸೋಕಬಾರದು!"

ಒರಳಿನ ಅಂಚಿಗೆ ಚಿಟಿಕೆಯಷ್ಟು ಅಂಟಿತ್ತು. ಅದನ್ನೇ ಬಳಿದು ತಂದು ಚಿಕ್ಕತಾಯಿಯ ಕೆನ್ನೆಗೆ ಸವರಿದಳು. ಕೆನ್ನೆ ಮಿನುಗಿತು. ಪಟೇಲರು ನಕ್ಕರು. ಕೆಂಪಮ್ಮನಿಗೆ ಹೋದ ಉಸಿರು ಬಂತು.

ಗಟ್ಟಿಮೇಳ ಮೊಳಗಿತು. ಗಂಡು ತಾಳಿ ಎತ್ತಿದ. ಅಷ್ಟರಲ್ಲಿ ಚಪ್ಪರದೊಳಗೆ ಸುಯ್ ಅಂತ ಗಾಳಿ ನುಗ್ಗಿತು. ಮುದ್ದೀರ ಹೆಣ್ಣಿನ ಕೆನ್ನೆ ನೋಡಿದ. ಪುಡಿ! ಒಲೆಯ ಕಡೆ ಓಡಿದ, ಖಾಲಿ ಕೊಪ್ಪರಿಗೆ ಹೊತ್ತು ತಂದ, ಹೆಣ್ಣಿನ ಮೇಲೆ ದಬಕ್ಕನೆ ಬೋರಲು ಹಾಕಿ, ಹತ್ತಿ ಕೂತೇ ಬಿಟ್ಟ!

ಒಳಗೆ ಹೆಣ್ಣು ಢಣಢಣ ಬಡಿಯುತ್ತಿದ್ದಳು. ಹೊರಗೆ ಗಂಡು ತಾಳಿ ಹಿಡಿದು, "ಕತ್ತೆಲ್ಲಿ? ಕತ್ತೆಲ್ಲಿ?" ಅಂತ ಕೊಪ್ಪರಿಗೆ ಸುತ್ತುತ್ತಿದ್ದ.

"ಇಳಿಯೋ! ಮುಹೂರ್ತ ಮೀರ್ತದೆ, ಇಳಿಯೋ!" ಕೆಂಪಮ್ಮ ಗಂಟಲು ಹರಿಯುವಂತೆ ಕೂಗಿದಳು.

ಮುದ್ದೀರ ಮೇಲಿಂದಲೇ ಅಂದ: "ಸ್ವಲ್ಪ ತಾಳವ್ವ, ಗಾಳಿ ನಿಲ್ಲಲಿ!"